ಕಷ್ಟದ ಗಾಲ್ಫ್ ಕೋರ್ಸಿನಲ್ಲಿ ಚೆಂಡು ಎಲ್ಲಿ ತಪ್ಪಬೇಕು?

ಹಳ್ಳಿಗಾಡಿನ ಗಾಲ್ಫ್ ಕೋರ್ಸ್ ಕಷ್ಟ ಎಂದ ಕೂಡಲೇ ಮಾತು ಉದ್ದದ ಕಡೆ ತಿರುಗುತ್ತದೆ. ‘ಅದು ದೂರ ಹೊಡೆಯೋರ ಕೋರ್ಸು’ ಅನ್ನುತ್ತಾರೆ. ಆಟ ಮುಗಿಸಿ ಬಂದವರ ಸ್ಕೋರ್ ಕಾರ್ಡ್ ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ಪಾರ್ 4ರಲ್ಲಿ, ಅಂದರೆ ನುರಿತವರು ನಾಲ್ಕು ಹೊಡೆತದಲ್ಲಿ ಮುಗಿಸುವ ಕಡೆ, 5 ಬಂದ ಹೋಲ್‌ಗಳಿಂದ ಯಾರ ಆಟವೂ ಕೆಟ್ಟಿರುವುದಿಲ್ಲ. ಕೆಡಿಸಿರುವುದು 8 ಬಂದ ಎರಡು ಮೂರು ಹೋಲ್‌ಗಳು. ಚೆಂಡು ಕೆರೆಗೆ ಹೋಗಿರುತ್ತದೆ, ಮರದ ಬುಡಕ್ಕೆ ಹೋಗಿರುತ್ತದೆ, ಅಲ್ಲಿಂದ ಕಳೆದದ್ದನ್ನು ಒಂದೇ ಏಟಿಗೆ ವಾಪಸ್ ಪಡೆಯಲು ಹೋಗಿ ಇನ್ನೆರಡು ಹೊಡೆತ ಸೇರಿರುತ್ತವೆ. ಕಷ್ಟದ ಕೋರ್ಸನ್ನು ಆಡುವುದೆಂದರೆ ಪ್ರತಿ ಹೊಡೆತಕ್ಕೂ ಮೊದಲು ‘ಇದು ತಪ್ಪಿದರೆ ಎಲ್ಲಿ ಬೀಳಬೇಕು’ ಎಂದು ನಿರ್ಧರಿಸುವುದು. ಗುರಿಯನ್ನು ಆಮೇಲೆ ಇಟ್ಟರಾಯಿತು.

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ನೆರಳಿನಲ್ಲಿ, ರೇಸ್ ಕೋರ್ಸಿಗೆ ಹೊಂದಿಕೊಂಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ 18 ಹೋಲ್‌ಗಳಲ್ಲಿ ಆಡುವವರಿಗಾಗಲಿ, ಮಂಡ್ಯದಿಂದ ಬೆಳಗಿನ ಹೊತ್ತಿಗೇ ಹೊರಟು ಬೇರೆ ಊರಿನ ಕೋರ್ಸಿಗೆ ಹೋಗುವವರಿಗಾಗಲಿ ಈ ಲೆಕ್ಕ ಒಂದೇ. ನಮ್ಮ ಕಡೆಯ ನೆಲ, ಗಾಳಿ, ಹುಲ್ಲು ಮಾತ್ರ ಈ ಲೆಕ್ಕಕ್ಕೆ ತಮ್ಮದೇ ಅಂಕಿಗಳನ್ನು ಸೇರಿಸುತ್ತವೆ.

ಮೊದಲು ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳು. 2020ರಿಂದ ಜಾರಿಯಲ್ಲಿರುವ ವರ್ಲ್ಡ್ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ಕೋರ್ಸಿಗೂ, ಅದರಲ್ಲೂ ಪ್ರತಿ ಬಣ್ಣದ ಟೀಗೂ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ), ಎರಡು ಅಂಕಿ ಇರುತ್ತವೆ. ಕೋರ್ಸ್ ರೇಟಿಂಗ್ ಎಂದರೆ ನುರಿತ, ಸೊನ್ನೆ ಹ್ಯಾಂಡಿಕ್ಯಾಪ್‌ನ ಆಟಗಾರ ಅಲ್ಲಿ ಎಷ್ಟು ಹೊಡೆಯಬಹುದು ಎಂಬ ಅಂದಾಜು. ಸ್ಲೋಪ್ ರೇಟಿಂಗ್ ಎಂದರೆ ಅವನಿಗಿಂತ ಸಾಮಾನ್ಯ ಆಟಗಾರನಿಗೆ ಆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಕೊಡುತ್ತದೆ ಎಂಬುದು. ಸ್ಲೋಪ್ 55ರಿಂದ 155ರವರೆಗೆ ಇರುತ್ತದೆ, 113 ಅನ್ನು ನಡುಮಟ್ಟ ಎಂದು ಇಟ್ಟುಕೊಂಡಿದ್ದಾರೆ. ನಿಮ್ಮ ಆಟದ ಮಟ್ಟ ಹೇಳುವ ಅಂಕಿಯಾದ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್ ಪಾರ್‌ಗಿಂತ ಎಷ್ಟು ಹೆಚ್ಚೋ ಅಷ್ಟನ್ನು ಕೂಡಿಸಿ. ಕಡಿಮೆ ಇದ್ದರೆ ಕಳೆಯಿರಿ. ಇಂಡೆಕ್ಸ್ 18 ಇರುವವರು ಸ್ಲೋಪ್ 130, ರೇಟಿಂಗ್ 72.5, ಪಾರ್ 72 ಇರುವ ಕೋರ್ಸಿಗೆ ಹೋದರೆ 20.7ಕ್ಕೆ 0.5 ಸೇರಿ 21.2, ಅಂದರೆ 21 ಹೊಡೆತ ಸಿಗುತ್ತವೆ. ಪ್ರತಿ ಹೋಲಿಗೂ ಒಂದೊಂದು, ಕಾರ್ಡಿನಲ್ಲಿ ಸ್ಟ್ರೋಕ್ ಇಂಡೆಕ್ಸ್ (ಈ ಹೊಡೆತಗಳನ್ನು ಹಂಚುವ ಕ್ರಮ) 1, 2, 3 ಎಂದು ನಮೂದಿಸಿದ ಹೋಲ್‌ಗಳಿಗೆ ಎರಡೆರಡು.

ಈ ಹೊಡೆತಗಳನ್ನು ಆಟ ಮುಗಿದ ಮೇಲೆ ಕಳೆಯುವ ಲೆಕ್ಕ ಎಂದು ಬಿಟ್ಟುಬಿಡಬೇಡಿ. ಟೀ ಮೇಲೆ ನಿಂತಾಗಲೇ ಅವನ್ನು ಖರ್ಚಿಗೆ ಇಟ್ಟುಕೊಳ್ಳಬೇಕು. ಸ್ಟ್ರೋಕ್ ಇಂಡೆಕ್ಸ್ 2ರ ಪಾರ್ 4 ಹೋಲ್ ನಿಮ್ಮ ಪಾಲಿಗೆ ಪಾರ್ 6. ಕಾರ್ಡಿನಲ್ಲಿ ಅಚ್ಚಾದ 4ನ್ನು ನಂಬಿ ಎರಡನೇ ಹೊಡೆತಕ್ಕೇ ಗ್ರೀನ್ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಮುಟ್ಟಲು ಹೋಗುವುದರಿಂದಲೇ ಆ ಹೋಲಿನಲ್ಲಿ 8 ಬರುವುದು.

ಇನ್ನು ಕೋನದ ಲೆಕ್ಕ. 200 ಗಜದ ಹೊಡೆತ 5 ಡಿಗ್ರಿ ಪಕ್ಕಕ್ಕೆ ಹೋದರೆ ಗುರಿಯಿಂದ ಸುಮಾರು 17 ಗಜ ಆಚೆ ಬೀಳುತ್ತದೆ. 10 ಡಿಗ್ರಿಗೆ 35 ಗಜ. ಇದಕ್ಕೆ ಗಾಳಿಯಲ್ಲಿ ತಿರುಗುವ ಸ್ಲೈಸೋ ಹುಕ್ಕೋ ಸೇರಿದರೆ ಇನ್ನೂ ದೂರ. ಆದ್ದರಿಂದ ಅತಿ ದೂರ ಹೊಡೆಯುವ ಕ್ಲಬ್ (ಕೋಲು) ಆದ ನಿಮ್ಮ ಡ್ರೈವರ್‌ನ ‘ದೂರ’ ಗೊತ್ತಿದ್ದರೆ ಸಾಲದು, ಅದರ ‘ಅಗಲ’ ಗೊತ್ತಿರಬೇಕು. ಡ್ರೈವಿಂಗ್ ರೇಂಜಿನಲ್ಲಿ 20 ಚೆಂಡು ಒಂದೇ ಗುರಿಗೆ ಹೊಡೆಯಿರಿ. ತೀರ ಕೆಟ್ಟ ಎರಡನ್ನು ಬಿಟ್ಟು ಉಳಿದ 18ರಲ್ಲಿ ಎಡತುದಿಗೆ ಬಿದ್ದದ್ದಕ್ಕೂ ಬಲತುದಿಗೆ ಬಿದ್ದದ್ದಕ್ಕೂ ನಡುವಿನ ಅಂತರ ಅಂದಾಜು ಮಾಡಿ. ಅದಕ್ಕಿಂತ ಕಡಿಮೆ ದೂರ ಹೊಡೆಯುವ ಹೈಬ್ರಿಡ್‌ನಿಂದ, 7 ಐರನ್‌ನಿಂದ ಹಾಗೆಯೇ ಮಾಡಿ. ಐರನ್‌ನ ಅಂಕಿ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳುತ್ತದೆ. ಡ್ರೈವರ್‌ನ ಅಗಲ 60 ಗಜ ಬಂದು, ಮುಂದಿನ ಫೇರ್‌ವೇಯಲ್ಲಿ (ಟೀಯಿಂದ ಗ್ರೀನ್ ಕಡೆಗಿನ ಕತ್ತರಿಸಿದ ಹುಲ್ಲಿನ ಪಟ್ಟಿಯಲ್ಲಿ) ಕೆರೆಗೂ ಮರಗಳಿಗೂ ನಡುವೆ 40 ಗಜ ಇದ್ದರೆ ಅಲ್ಲಿ ಡ್ರೈವರ್ ತೆಗೆಯುವುದು ಜೂಜು.

ಒಂದು ಹೋಲ್ ಊಹಿಸಿಕೊಳ್ಳೋಣ. 410 ಗಜದ ಪಾರ್ 4. ಎಡಕ್ಕೆ 190 ಗಜದಿಂದ ಕೆರೆಯ ಅಂಚು ಶುರು, ಉದ್ದಕ್ಕೂ ಪೆನಾಲ್ಟಿ ಏರಿಯಾದ ಗುರುತಾದ ಕೆಂಪು ಗೂಟ. ಬಲಕ್ಕೆ ನೀಲಗಿರಿ ಸಾಲು. ಗ್ರೀನ್ ಸುಮಾರು 6 ಮೀಟರ್ ಎತ್ತರದಲ್ಲಿದೆ, ಬಲಮುಂಭಾಗದಲ್ಲಿ ಆಳದ ಬಂಕರ್ (ಮರಳುಗುಂಡಿ), ಹಿಂದೆ ಇಳಿಜಾರು. ಡ್ರೈವರ್ ಹೊಡೆದು ಚೆನ್ನಾಗಿ ಬಂದರೆ 220, ಉಳಿಯುವುದು 190, ಅದೂ ಏರಿಗೆ. ಅಷ್ಟು ದೂರದಿಂದ ಫೇರ್‌ವೇ ವುಡ್ ಎಂಬ ಉದ್ದದ ಕ್ಲಬ್ಬಿನಲ್ಲಿ ಎತ್ತರದ ಗ್ರೀನ್ ಮೇಲೆ ಚೆಂಡು ನಿಲ್ಲಿಸುವುದು ಒಳ್ಳೆಯ ಆಟಗಾರರಿಗೇ ಕಷ್ಟ. ಚೆನ್ನಾಗಿ ಬರದಿದ್ದರೆ ನೀರು: ಒಂದು ಹೊಡೆತ, ಒಂದು ಪೆನಾಲ್ಟಿ (ದಂಡದ ಹೊಡೆತ), ಮೂರನೆಯದು ಮತ್ತೆ ಸುಮಾರು 200 ಗಜದಿಂದ.

ಬದಲಿಗೆ ಹೈಬ್ರಿಡ್‌ನಲ್ಲಿ 175 ಹೊಡೆಯಿರಿ. ಉರುಳುವುದೂ ಸೇರಿ ಅಷ್ಟೇ ಹೋದರೆ ಅದು ನೀರಿನ ಅಂಚನ್ನು ಮುಟ್ಟುವುದಿಲ್ಲ. ಆಮೇಲೆ 7 ಐರನ್‌ನಲ್ಲಿ 140. ಉಳಿಯುವುದು 95 ಗಜ. ಏರು ಇರುವುದರಿಂದ ಅದನ್ನು 102 ಎಂದು ಎಣಿಸಿ ವೆಜ್ (ಹತ್ತಿರಕ್ಕೆ, ಎತ್ತರವಾಗಿ ಹೊಡೆಯುವ ಕ್ಲಬ್) ಹಿಡಿಯಿರಿ, ಬಾವುಟ ಬಲಕ್ಕಿದ್ದರೂ ಗ್ರೀನ್‌ನ ಎಡ ನಡುವಿಗೆ ಗುರಿ ಇಡಿ. ಎರಡು ಪಟ್‌ಗೆ (ಗ್ರೀನ್ ಮೇಲೆ ಕುಳಿಗೆ ಉರುಳಿಸುವ ಹೊಡೆತಕ್ಕೆ) 5, ಮೂರಾದರೆ 6. ಎರಡು ಹೊಡೆತ ಸಿಕ್ಕಿರುವ ಹೋಲಿನಲ್ಲಿ 6 ಕೂಡ ನಿಮ್ಮ ಪಾಲಿನ ಪಾರ್. ಈ ದಾರಿಯಲ್ಲಿ ಯಾವ ಹೊಡೆತವೂ ಅಸಾಧಾರಣವಾಗಿರಬೇಕಿಲ್ಲ. ಇದರ ಬೆಲೆ ಗೊತ್ತಾಗುವುದು ಹೋಲ್‌ನಿಂದ ಟೀ ಕಡೆಗೆ ಹಿಂದಕ್ಕೆ ಲೆಕ್ಕ ಹಾಕಿದಾಗ. ಗ್ರೀನಿಗೆ ಯಾವ ದೂರದಿಂದ, ಯಾವ ಪಕ್ಕದಿಂದ ಬರುವುದು ಸುಲಭ? ಅಲ್ಲಿಗೆ ತಲುಪಲು ಟೀಯಿಂದ ಯಾವ ಕ್ಲಬ್?

ಹೊಸ ಕೋರ್ಸಾದರೆ ನಿಮ್ಮ ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯನ್ನು ಕೇಳಿ. ‘ಅಣ್ಣ, ಇನ್ನೆಷ್ಟು ದೂರ?’ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ‘ಇಲ್ಲಿ ಯಾವ ಕಡೆ ಹೋದ್ರೆ ಪರವಾಗಿಲ್ಲ?’ ಎಂದು. ‘ಸಾರ್, ಬಲಕ್ಕೆ ಹೋದ್ರೂ ಸಿಗುತ್ತೆ, ಎಡಕ್ಕೆ ಮಾತ್ರ ಬೇಡ’ ಎಂಬ ಉತ್ತರ ದೂರ ಅಳೆಯುವ ರೇಂಜ್‌ಫೈಂಡರ್ ಕೊಡುವ ಅಂಕಿಗಿಂತ ಹೆಚ್ಚು ಹೊಡೆತ ಉಳಿಸುತ್ತದೆ. ದಿನಾ ಅದೇ ನೆಲದಲ್ಲಿ ನಡೆಯುವವರ ತಿಳಿವಳಿಕೆ ಅದು, ಅದಕ್ಕೆ ಕಿವಿಗೊಡದೆ ಇರುವುದು ದೊಡ್ಡ ನಷ್ಟ.

ದೂರದ ಅಂಕಿ ಕೂಡ ಇದ್ದ ಹಾಗೆ ಇರುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗಾಳಿ ಅಷ್ಟರಮಟ್ಟಿಗೆ ತೆಳು, ಚೆಂಡು ಕರಾವಳಿಗಿಂತ ಸುಮಾರು 3% ಮುಂದೆ ಹೋಗುತ್ತದೆ. ಮಂಗಳೂರಿನಲ್ಲಿ 150 ಗಜ ಹೋಗುವ ಐರನ್ ಇಲ್ಲಿ 154–155. ಚಿಕ್ಕದಾಗಿ ಕಂಡರೂ ಗ್ರೀನ್ ಹಿಂದೆ ಇಳಿಜಾರು ಇದ್ದಾಗ ಆ ನಾಲ್ಕು ಗಜವೇ ಮುಖ್ಯ. ಏರಿಳಿತಕ್ಕೆ ಒಂದು ಸರಳ ಅಂದಾಜು ಸಾಕು: ಗುರಿ ಎಷ್ಟು ಗಜ ಎತ್ತರದಲ್ಲಿದೆಯೋ ಅಷ್ಟು ಗಜ ಕೂಡಿಸಿ, ಇಳಿಜಾರಾದರೆ ಅದಕ್ಕಿಂತ ತುಸು ಕಡಿಮೆ ಕಳೆಯಿರಿ.

ಗಾಳಿಯ ವಿಷಯ ಬೇರೆ. ಆಷಾಢದಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುವ ಗಾಳಿ ಬೆಳಗಿನ ಮೊದಲ ತಾಸಿನಲ್ಲಿ ಸುಮ್ಮನಿದ್ದು, ಬಿಸಿಲೇರಿದಂತೆ ಜೋರಾಗುತ್ತದೆ. ಗಂಟೆಗೆ 16 ಕಿ.ಮೀ. ವೇಗದ ಎದುರುಗಾಳಿ 150 ಗಜದ ಹೊಡೆತದಿಂದ ಸುಮಾರು 15 ಗಜ ತಿನ್ನುತ್ತದೆ. ಅಷ್ಟೇ ವೇಗದ ಹಿಂಗಾಳಿ ಕೊಡುವುದು ಅದರ ಅರ್ಧದಷ್ಟು. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಎಂದುಕೊಂಡವರು ಇಲ್ಲಿ ಮೋಸಹೋಗುತ್ತಾರೆ. ಎದುರುಗಾಳಿಗೆ ಇನ್ನೂ ಜೋರಾಗಿ ಬೀಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಜೋರಾಗಿ ಹೊಡೆದಷ್ಟೂ ಹಿಮ್ಮುಖ ಸುತ್ತು ಹೆಚ್ಚುತ್ತದೆ, ಚೆಂಡು ಮೇಲಕ್ಕೆದ್ದು ಗಾಳಿಗೆ ಸಿಕ್ಕಿ ಮುಂದೆ ಹೋಗದೆ ಬೀಳುತ್ತದೆ. ಎರಡು ಕ್ಲಬ್ ಹೆಚ್ಚು, ಅಂದರೆ 7 ಐರನ್ ಬದಲು 5, ತೆಗೆದುಕೊಳ್ಳಿ, ಹಿಡಿಕೆಯಲ್ಲಿ ಒಂದಿಂಚು ಕೆಳಗೆ ಹಿಡಿಯಿರಿ, ಮುಕ್ಕಾಲು ಬೀಸಿಗೆ ನಿಲ್ಲಿಸಿ. ಮರಗಳ ಮರೆಯಲ್ಲಿರುವ ಟೀಯಲ್ಲಿ ಗಾಳಿಯೇ ಇಲ್ಲ ಅನ್ನಿಸಬಹುದು. ಹುಲ್ಲು ಹಾರಿಸಿ ನೋಡುವುದಕ್ಕಿಂತ ಮರಗಳ ತುದಿ, ಗ್ರೀನ್ ಮೇಲಿನ ಬಾವುಟ ಎರಡನ್ನೂ ನೋಡಿ. ಚೆಂಡು ಹಾರುವುದು ಅವುಗಳ ಎತ್ತರದಲ್ಲಿ.

ಹಳ್ಳಿಗಾಡಿನ ಕೋರ್ಸಿನಲ್ಲಿ ಸಮತಟ್ಟಾದ ನೆಲ ಸಿಗುವುದು ಟೀ ಮೇಲೆ ಮಾತ್ರ ಎಂದುಕೊಂಡೇ ಆಡಬೇಕು. ಇಲ್ಲಿ ಹೇಳುವುದು ಬಲಗೈ ಆಟಗಾರರಿಗೆ, ಎಡಗೈಯವರು ತಿರುಗಿಸಿಕೊಳ್ಳಿ. ಚೆಂಡು ಪಾದಗಳಿಗಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಏಕೆಂದರೆ ಕ್ಲಬ್ಬಿನ ಮುಖದ ಓರೆಯೇ ಎಡಕ್ಕೆ ತಿರುಗಿರುತ್ತದೆ. ಲಾಫ್ಟ್ (ಮುಖ ಹಿಂದಕ್ಕೆ ಬಾಗಿದ ಓರೆ) ಹೆಚ್ಚಿದಷ್ಟೂ ಈ ಎಳೆತ ಹೆಚ್ಚು, ಹಾಗಾಗಿ ವೆಜ್‌ಗೆ ಹೆಚ್ಚು ಬಲಕ್ಕೆ, 5 ಐರನ್‌ಗೆ ಕಡಿಮೆ ಬಲಕ್ಕೆ ಗುರಿ ಇಡಿ. ಚೆಂಡು ಪಾದಗಳಿಗಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಅಲ್ಲಿ ಮೊಣಕಾಲು ಬಗ್ಗಿಸಿ ಕೊನೆಯವರೆಗೂ ಅದೇ ಎತ್ತರದಲ್ಲಿ ಇರುವುದು ಮುಖ್ಯ. ಎದ್ದುಬಿಟ್ಟರೆ ಚೆಂಡಿನ ತಲೆ ಸವರುತ್ತೀರಿ. ಏರುನೆಲದಲ್ಲಿ ಭುಜಗಳನ್ನು ನೆಲದ ಓರೆಗೇ ಹೊಂದಿಸಿ. 7 ಐರನ್ 8ರಂತೆ ಎತ್ತರಕ್ಕೆ ಹೋಗುತ್ತದೆ, ಆದ್ದರಿಂದ ಒಂದು ಕ್ಲಬ್ ಹೆಚ್ಚು. ಇಳಿನೆಲ ಎಲ್ಲಕ್ಕಿಂತ ಕಷ್ಟ. ಚೆಂಡನ್ನು ಸ್ವಲ್ಪ ಹಿಂದೆ ಇಟ್ಟು, ಹೊಡೆದ ಮೇಲೂ ಕ್ಲಬ್ಬಿನ ತಲೆ ಇಳಿಜಾರನ್ನು ಹಿಂಬಾಲಿಸಬೇಕು. ಚೆಂಡು ತಗ್ಗಾಗಿ ಹೋಗಿ ಬಹಳ ಉರುಳುತ್ತದೆ. ಅಲ್ಲಿಂದ ಫೇರ್‌ವೇ ವುಡ್ ಬೇಡವೇ ಬೇಡ.

ಫೆಬ್ರವರಿಯಿಂದ ಮೇವರೆಗೆ, ಮಳೆ ಬೀಳದ ದಿನಗಳಲ್ಲಿ, ನಮ್ಮ ಕೆಂಪು ನೆಲ ಗಟ್ಟಿಯಾಗುತ್ತದೆ. ಚೆಂಡು ಬಿದ್ದ ಮೇಲೆ 20–30 ಗಜ ಉರುಳಬಹುದು. ಓರೆ ಇರುವ ಫೇರ್‌ವೇಯಲ್ಲಿ ನಡುವೆ ಬಿದ್ದದ್ದು ತಗ್ಗಿನ ಕಡೆಯ ರಫ್‌ಗೆ (ಉದ್ದ ಹುಲ್ಲಿಗೆ) ಹೋಗಿ ನಿಲ್ಲುತ್ತದೆ, ಹಾಗಾಗಿ ಎತ್ತರದ ಅಂಚಿಗೆ ಗುರಿ ಇಡಬೇಕು. ಗ್ರೀನಿಗೆ ನೇರವಾಗಿ ಬಿದ್ದದ್ದು ಹಿಂದಕ್ಕೆ ಹೋಗುತ್ತದೆ. 10–15 ಗಜ ಮುಂಚೆ ಬೀಳಿಸಿ ಉರುಳಲು ಬಿಡಿ. ಹುಲ್ಲು ತೆಳುವಾದ ಕಡೆ 56 ಡಿಗ್ರಿ ವೆಜ್‌ನ ದಪ್ಪ ತಳ ನೆಲಕ್ಕೆ ಬಡಿದು ಚಿಮ್ಮುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ತಾಗುತ್ತದೆ, ಚೆಂಡು ಗ್ರೀನ್ ದಾಟಿ ಹೋಗುತ್ತದೆ. ಅಂಥಲ್ಲಿ 8 ಐರನ್ ಹಿಡಿದು, ತೂಕ ಎಡಗಾಲಿಗೆ ಕೊಟ್ಟು, ಪಟ್ ಮಾಡುವ ಹಾಗೆ ತಳ್ಳಿ. ಇನ್ನೂ ಬೋಳಾಗಿದ್ದರೆ ಪಟರ್ ಕೂಡ ಮರ್ಯಾದೆಯ ಆಯ್ಕೆಯೇ.

ಮಳೆಗಾಲದಲ್ಲಿ ಎಲ್ಲ ತಲೆಕೆಳಗು. ಉರುಳುವಿಕೆ ಇಲ್ಲ, ಗ್ರೀನ್ ಚೆಂಡನ್ನು ಹಿಡಿಯುತ್ತದೆ, ರಫ್ ದಟ್ಟವಾಗಿರುತ್ತದೆ. ದಟ್ಟ ರಫ್‌ನಲ್ಲಿ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡು ಮುಖವನ್ನು ಎಡಕ್ಕೆ ತಿರುಗಿಸುತ್ತದೆ. ಚೆಂಡಿನ ಅರ್ಧಕ್ಕಿಂತ ಹೆಚ್ಚು ಹುಲ್ಲಿನಲ್ಲಿ ಹೂತಿದ್ದರೆ ವೆಜ್ ತೆಗೆದು ಫೇರ್‌ವೇಗೆ ಬನ್ನಿ. ಅರ್ಧ ಕಾಣುತ್ತಿದ್ದರೆ ಇನ್ನೊಂದು ಅಪಾಯ: ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿ ಸುತ್ತು ಕಡಿಮೆಯಾಗುತ್ತದೆ, ಚೆಂಡು ಎಂದಿಗಿಂತ ದೂರ ಹಾರಿ ನಿಲ್ಲದೆ ಓಡುತ್ತದೆ. ಚೆಂಡಿಗೆ ಕೆಸರು ಮೆತ್ತಿದ್ದರೆ, ಸಾಮಾನ್ಯವಾಗಿ ಕೆಸರಿರುವ ಪಕ್ಕಕ್ಕೆ ವಿರುದ್ಧವಾಗಿ ತಿರುಗುತ್ತದೆ. ಕ್ಲಬ್ ಸ್ಥಳೀಯ ನಿಯಮ ಹಾಕಿರದಿದ್ದರೆ ಫೇರ್‌ವೇಯಲ್ಲಿ ಅದನ್ನು ಎತ್ತಿ ಒರೆಸುವಂತಿಲ್ಲ. ತನ್ನದೇ ಗುಂಡಿಯಲ್ಲಿ ಹೂತುಹೋಗಿದ್ದರೆ ಮಾತ್ರ, ಬಂಕರ್ ಮತ್ತು ಪೆನಾಲ್ಟಿ ಏರಿಯಾ ಬಿಟ್ಟು ಉಳಿದೆಡೆ, ದಂಡವಿಲ್ಲದೆ ಎತ್ತಿ ಒರೆಸಿ ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಬೀಳಿಸಿ ಆಡಬಹುದು.

ಮರಗಳ ನಡುವೆ ಸಿಕ್ಕಿಕೊಂಡಾಗ ಕಣ್ಣು ಮೋಸ ಮಾಡುತ್ತದೆ. 40 ಗಜ ಮುಂದೆ ಎರಡು ಮರಗಳ ನಡುವೆ 4 ಗಜದ ಕಿಂಡಿ ಕಾಣುತ್ತದೆ, ‘ಹೋಗುತ್ತೆ’ ಅನ್ನಿಸುತ್ತದೆ. ಅನುಪಾತ ಹಾಕಿ ನೋಡಿ: 40ಕ್ಕೆ 4 ಎಂದರೆ 200ಕ್ಕೆ 20. ಟೀ ಮೇಲೆ ನಿಂತು 20 ಗಜ ಅಗಲದ ಫೇರ್‌ವೇಗೆ ಹೊಡೆಯುವಷ್ಟೇ ನಿಖರತೆ ಬೇಕು, ಅದೂ ಬೇರು, ಒಣ ಎಲೆಗಳ ಮೇಲಿಂದ. ಅದೇ 4 ಗಜದ ಕಿಂಡಿ ಪಕ್ಕಕ್ಕೆ 10 ಗಜದಲ್ಲಿದ್ದರೆ ಅದು 80 ಗಜದ ಫೇರ್‌ವೇಗೆ ಸಮ. ಅಲ್ಲಿಂದಲೇ ಹೊರಗೆ ಬನ್ನಿ. 6 ಐರನ್, ಚೆಂಡು ಬಲಗಾಲಿನ ಕಡೆಗೆ, ಕೈಗಳು ಚೆಂಡಿಗಿಂತ ಮುಂದೆ, ಬೀಸು ಸೊಂಟದಿಂದ ಸೊಂಟದವರೆಗೆ. ಚೆಂಡು ಕೊಂಬೆಗಳ ಕೆಳಗೇ ಹೋಗುತ್ತದೆ.

ಬಂಕರ್‌ನಲ್ಲಿ ತಿಳಿಯಬೇಕಾದದ್ದು ಸ್ವಲ್ಪ. ಸಡಿಲ ಮರಳಿನಲ್ಲಿ ಕ್ಲಬ್ಬಿನ ಮುಖವನ್ನು ಆಕಾಶದ ಕಡೆಗೆ ಬಿಚ್ಚಿ, ಚೆಂಡಿಗಿಂತ ಸುಮಾರು 5 ಸೆಂ.ಮೀ. ಹಿಂದೆ ಮರಳಿಗೆ ಇಳಿಸಿ, ಬೀಸನ್ನು ಪೂರ್ತಿ ಮುಗಿಸಿ. ಮಳೆ ಬಿದ್ದು ಗಟ್ಟಿಯಾದ ಮರಳಿನಲ್ಲಿ ಮುಖ ಕಡಿಮೆ ಬಿಚ್ಚಿ, ಇನ್ನೂ ಹತ್ತಿರಕ್ಕೆ ಇಳಿಸಿ. ಇಲ್ಲವಾದರೆ ತಳ ಚಿಮ್ಮುತ್ತದೆ. ಹೊಡೆಯುವ ಮುನ್ನ ಕ್ಲಬ್ ಚೆಂಡಿನ ಹಿಂದೆಮುಂದೆ ಮರಳಿಗೆ ತಾಗಿದರೆ ದಂಡ.

ಗ್ರೀನ್ ಮೇಲೆ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಬಿಸಿ ಸೀಮೆಯ ಗ್ರೀನ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಗರಿಕೆ ಹೇಗೆ ನೆಲಕ್ಕೆ ಅಂಟಿ ಒಂದು ದಿಕ್ಕಿಗೆ ಹಬ್ಬುತ್ತದೆ ಎಂದು ನೋಡಿದವರಿಗೆ ‘ಗ್ರೇನ್’, ಅಂದರೆ ಹುಲ್ಲು ಒರಗಿದ ದಿಕ್ಕು, ಅರ್ಥವಾಗಲು ಕಷ್ಟವಿಲ್ಲ. ಎಲೆಗಳು ಒರಗಿದ ದಿಕ್ಕಿಗೆ ಚೆಂಡು ಬೇಗ ಓಡುತ್ತದೆ, ಎದುರಾದರೆ ನಿಧಾನಿಸುತ್ತದೆ, ಅಡ್ಡವಾದರೆ ಒರಗಿದ ಕಡೆಗೆ ಎಳೆಯುತ್ತದೆ. ಗಾಳಿಗೆ ಒಂದೇ ಕಡೆ ಬಾಗಿದ ಭತ್ತದ ಗದ್ದೆ ಈ ಬದುವಿನಿಂದ ಹೊಳೆಯುತ್ತ, ಆ ಬದುವಿನಿಂದ ಕಪ್ಪಗೆ ಕಾಣುವಂತೆ ಗ್ರೀನ್ ಕೂಡ: ನಿಮ್ಮ ಕಡೆಯಿಂದ ಹೊಳೆದರೆ ಹುಲ್ಲು ನಿಮ್ಮಿಂದಾಚೆಗೆ ಒರಗಿದೆ, ಪಟ್ ವೇಗ. ಕಡುಹಸಿರಾಗಿ ಕಂಡರೆ ನಿಮ್ಮ ಕಡೆಗೇ ಒರಗಿದೆ, ಪಟ್ ನಿಧಾನ. ಅನುಮಾನವಿದ್ದರೆ ಕುಳಿಯ ಅಂಚನ್ನು ಹತ್ತಿರದಿಂದ ನೋಡಿ. 108 ಮಿ.ಮೀ. ಅಗಲದ ಆ ಕುಳಿಯ ಒಂದು ಬದಿ ಚೂಪಾಗಿ ಕತ್ತರಿಸಿದಂತಿದ್ದು, ಇನ್ನೊಂದು ಬದಿ ಸವೆದು, ಒಣಗಿ, ಚಿಂದಿಯಾಗಿರುತ್ತದೆ. ಹುಲ್ಲು ಹಬ್ಬುತ್ತಿರುವುದು ಆ ಚಿಂದಿಯಾದ ಬದಿಯತ್ತ. ಅಲ್ಲಿ ಬೇರು ತುಂಡಾಗಿರುವುದರಿಂದ ಅದು ಒಣಗುತ್ತದೆ. ಇಳಿಜಾರು, ಗ್ರೇನ್ ಎರಡೂ ಒಂದೇ ಕಡೆಗಿರುವ ಉದ್ದದ ಪಟ್‌ನಲ್ಲೇ ಮೂರು ಪಟ್ ಬೀಳುವುದು. ಆದ್ದರಿಂದ ಕುಳಿಯ ಕೆಳಭಾಗಕ್ಕೆ ಚೆಂಡು ಬರುವಂತೆ ಗ್ರೀನಿಗೆ ಹೊಡೆಯಬೇಕು.

ಇನ್ನು ನಿಯಮಗಳು. ಕಷ್ಟದ ಕೋರ್ಸಿನಲ್ಲಿ ನಿಯಮ ತಿಳಿದವರಿಗೆ ನಿಜಕ್ಕೂ ಹೊಡೆತ ಉಳಿಯುತ್ತದೆ. ಚೆಂಡು ಹುಡುಕಲು ಸಿಗುವುದು 3 ನಿಮಿಷ. ಕಳೆದಿರಬಹುದು, ಇಲ್ಲವೇ ಕೋರ್ಸಿನ ಗಡಿಯ ಬಿಳಿ ಗೂಟದಾಚೆ ಹೋಗಿರಬಹುದು ಅನ್ನಿಸಿದರೆ ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿ ಇನ್ನೊಂದನ್ನು ಹೊಡೆಯಿರಿ. ಹೇಳದೆ ಹೊಡೆದರೆ ಅದೇ ಆಟದ ಚೆಂಡಾಗುತ್ತದೆ, ಮೊದಲನೆಯದು ಸಿಕ್ಕರೂ ಉಪಯೋಗವಿಲ್ಲ. ಕೆಂಪು ಗೂಟದ ನೀರಿಗೆ ಬಿದ್ದರೆ, ಚೆಂಡು ಅಂಚನ್ನು ಕೊನೆಯದಾಗಿ ದಾಟಿದ ಜಾಗದಿಂದ ಎರಡು ಕ್ಲಬ್ ಅಳತೆಯೊಳಗೆ, ಹೋಲಿಗೆ ಹತ್ತಿರವಾಗದಂತೆ, ಒಂದು ದಂಡದೊಂದಿಗೆ ಮೊಣಕಾಲೆತ್ತರದಿಂದ ಡ್ರಾಪ್. ಪೊದೆಯೊಳಗೆ ಸಿಕ್ಕಿದ್ದರೆ ‘ಅನ್‌ಪ್ಲೇಯಬಲ್’ (ಆಡಲಾಗದ್ದು) ಎಂದು ನೀವೇ ತೀರ್ಮಾನಿಸಬಹುದು. ಒಂದು ದಂಡ ಕೊಟ್ಟು ಎರಡು ಕ್ಲಬ್ ಅಳತೆ ಪಕ್ಕಕ್ಕೆ ಬನ್ನಿ, ಅಥವಾ ಹೋಲ್ ಮತ್ತು ಚೆಂಡಿನ ಗೆರೆಯಲ್ಲಿ ಎಷ್ಟು ಬೇಕಾದರೂ ಹಿಂದೆ ಹೋಗಿ, ಅಥವಾ ಮೊದಲು ಹೊಡೆದ ಜಾಗಕ್ಕೇ ಮರಳಿ. ಹಿಂದೆ ಹೋಗುವ ಆಯ್ಕೆಯನ್ನು ಜನ ಮರೆಯುತ್ತಾರೆ. ಪೊದೆ ದೊಡ್ಡದಿದ್ದಾಗ ಎರಡು ಕ್ಲಬ್ ಅಳತೆಗೆ ಹೊರಬರಲಾಗದು, ಹಿಂದಕ್ಕೆ ಮಾತ್ರ ದಾರಿ ಇರುತ್ತದೆ.

ಹುತ್ತದ ಪಕ್ಕ ಚೆಂಡು ನಿಲ್ಲುವುದು ನಮ್ಮ ಕಡೆ ಅಪರೂಪವೇನಲ್ಲ. ಇರುವೆ ಗೂಡಿನ ಸಡಿಲ ಮಣ್ಣನ್ನು ದಂಡವಿಲ್ಲದೆ ಸರಿಸಬಹುದು. ಗಟ್ಟಿ ಹುತ್ತವನ್ನು ಸರಿಸಲಾಗದು. ಅದನ್ನು ‘ಗ್ರೌಂಡ್ ಅಂಡರ್ ರಿಪೇರ್’ (ದಂಡವಿಲ್ಲದೆ ಹೊರಬರಬಹುದಾದ ದುರಸ್ತಿಯ ನೆಲ) ಎಂದು ಕ್ಲಬ್ ಘೋಷಿಸಿದೆಯೇ ಎಂದು ಕಾರ್ಡಿನ ಹಿಂಬದಿಯಲ್ಲಿ ಮೊದಲೇ ನೋಡಿಕೊಳ್ಳಿ. ಹಾವು ಕಂಡರೆ, ಜೇನ್ನೊಣ ಎದ್ದಿದ್ದರೆ ಮಾತು ಬೇರೆ: ಅದು ಅಪಾಯಕಾರಿ ಪ್ರಾಣಿಯ ಸನ್ನಿವೇಶ, ಅಪಾಯವಿಲ್ಲದ ಹತ್ತಿರದ ಜಾಗದಿಂದ ಒಂದು ಕ್ಲಬ್ ಅಳತೆಯೊಳಗೆ ಉಚಿತ ಡ್ರಾಪ್. ಹುತ್ತದ ಬಾಯಿಗೆ ಕೈ ಹಾಕಿ ಚೆಂಡು ತೆಗೆಯಲು ಹೋಗಬೇಡಿ. ಕಾಗೆಯೋ ನಾಯಿಯೋ ಕೋತಿಯೋ ನಿಂತ ಚೆಂಡನ್ನು ಎತ್ತಿಕೊಂಡು ಹೋದದ್ದನ್ನು ಕಂಡಿದ್ದರೆ ದಂಡವಿಲ್ಲ, ಇದ್ದ ಜಾಗದಲ್ಲಿ ಇನ್ನೊಂದನ್ನು ಇಟ್ಟು ಆಡಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉದ್ದಕ್ಕೆ ಒಂದೇ ಸೈರನ್ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು, ಹೊಡೆಯಲು ನಿಂತಿದ್ದರೂ ಹೊಡೆಯಬಾರದು. ಎರಡು ಚಿಕ್ಕ ಸೈರನ್ ಎಂದರೆ ಮತ್ತೆ ಆಟ ಶುರು. ಸೈರನ್ ಇಲ್ಲದಿದ್ದರೂ ಮಿಂಚು ಬರುತ್ತಿದೆ ಎಂದು ನಿಮಗೆ ಅನ್ನಿಸಿದರೆ ಆಟ ನಿಲ್ಲಿಸುವ ಹಕ್ಕು ನಿಯಮದಲ್ಲೇ ಇದೆ. ಒಂಟಿ ಮರದಡಿ, ಛತ್ರಿ ಬಿಚ್ಚಿಕೊಂಡು ನಿಲ್ಲಬೇಡಿ. ಕ್ಲಬ್‌ಹೌಸಿಗೋ ಕಾರಿನೊಳಗೋ ಹೋಗಿ.

18 ಹೋಲ್ ನಡೆದರೆ 8–10 ಕಿ.ಮೀ., ನಾಲ್ಕು ತಾಸಿನ ಮೇಲೆ. ಕೊನೆಯ ಐದಾರು ಹೋಲ್‌ಗಳಲ್ಲಿ ತೀರ್ಮಾನ ಕೆಡುವುದಕ್ಕೆ ದಣಿವೂ ಕಾರಣ. ಒಂಬತ್ತನೆಯದಕ್ಕೆ ಕಾಯದೆ ನಾಲ್ಕೈದು ಹೋಲಿಗೊಮ್ಮೆ ಏನಾದರೂ ತಿನ್ನಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

ಆಟ ಮುಗಿದ ಮೇಲೆ ಕಾರ್ಡಿನಲ್ಲಿ ಪ್ರತಿ ಹೋಲಿನ ಪಕ್ಕ ಮೂರು ಗುರುತು ಹಾಕಿ: ಪೆನಾಲ್ಟಿ ಬಿದ್ದದ್ದಕ್ಕೆ ಒಂದು, ಮೂರು ಪಟ್ ಆದದ್ದಕ್ಕೆ ಒಂದು, ಮರದಿಂದಲೋ ಬಂಕರ್‌ನಿಂದಲೋ ಹೊರಬರಲು ಎರಡನೇ ಸಲ ಹೊಡೆಯಬೇಕಾದದ್ದಕ್ಕೆ ಒಂದು. ಪೆನಾಲ್ಟಿ ಗುರುತಿರುವ ಹೋಲ್‌ಗಳಲ್ಲಿ ಟೀಯಿಂದ ಯಾವ ಕ್ಲಬ್ ಹೊಡೆದಿರಿ ಎಂದೂ ಬರೆದಿಡಿ. ಅದೇ ಕೋರ್ಸಿಗೆ ಮುಂದಿನ ಸಲ ಹೋದಾಗ ಆ ಹೋಲ್‌ಗಳ ಟೀ ಮೇಲೆ ಅದಕ್ಕಿಂತ ಒಂದು ಕ್ಲಬ್ ಚಿಕ್ಕದನ್ನು ತೆಗೆದು ಆಡಿ ನೋಡಿ.